‘ಲೈಬ್ರರಿ ಇದೆಯಲ್ಲ’ ಎನ್ನುವ ಮಹನೀಯರಿಗೆ

ಬ್ಲಾಗ್ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. ಕೆಲಸ, ಟ್ರಾಫಿಕ್ಕು, ಸೋಮಾರಿತನ... ಕಾರಣಗಳಿಗೇನು ಬರವೇ? ಇವತ್ತು ಬರೀತಾ ಇರೋದು ಸಿಟ್ಟು ಬಂದು. ಸಿಟ್ಟು ಯಾರ ಮೇಲೆ, ಯಾಕೆ ಅಂತ ಹೇಳಿದ್ರೆ ನಗ್ತೀರ. ಒಂದು ಪಾಲಿನಾಮಿಯಲ್ಲಿನ ವಿಷಯಕ್ಕೆ! ಹೈಸ್ಕೂಲಲ್ಲಿ ‘ಬಹುಪದೋಕ್ತಿ’ ಅಂತ ಓದಿ, ಪರೀಕ್ಷೆ ಮುಗಿದ ಮರುದಿನ ಮರೆತಿದ್ರಲ್ಲ, ಅದೇ.

ಕಳೆದ ವಾರ ಆಫೀಸಲ್ಲಿ ಕೋಡ್ ರಿವ್ಯೂ ಇತ್ತು. ನಮ್ಮ ಟೀಮಿನ ಹುಡುಗನೊಬ್ಬ ಒಂದು ಸೆನ್ಸರಿನ ಫಾರ್ಮುಲಾವನ್ನ ಡೇಟಾಶೀಟಿಂದ ಎತ್ತಿ ಹಾಗೇ ಕೋಡಿಗೆ ಸುರಿದಿದ್ದ. ಒಂದೇ ಸಾಲು, ಅದರಲ್ಲಿ ಎಂಟು ಸಲ ‘ಪವ್’ ಫಂಕ್ಷನ್ನು, ಸಾಲು ಸ್ಕ್ರೀನಿನಿಂದ ಆಚೆ ಹೋಗಿತ್ತು. ‘ಇದನ್ನ ನಮ್ಮ ಪುಟ್ಟ ಪಾಲಿನಾಮಿಯಲ್ ಲೈಬ್ರರಿಗೆ ಹಾಕು, ರೇಂಜ್ ಎಷ್ಟು ಅಂತಾನೂ ಬರಿ’ ಅಂದೆ. ಅಷ್ಟೇ ಅಂದಿದ್ದು.

ಒಬ್ಬ: ‘ಕೆಲಸ ಮಾಡ್ತಾ ಇದೆಯಲ್ಲ ಸರ್?’

ಇನ್ನೊಬ್ಬರು: ‘ನೆಟ್ಟಲ್ಲಿ ಬೇಕಾದಷ್ಟು ಲೈಬ್ರರಿ ಇದೆಯಲ್ಲ ಗುರು, ಯಾವುದಾದ್ರೂ ಒಂದು ಹಾಕಿ ಮುಗಿಸಿ.’

ಮೂರನೆಯವರು, ಸ್ವಲ್ಪ ಓದಿಕೊಂಡವರು: ‘ಇದೆಲ್ಲ ಪ್ರಿಮೆಚ್ಯೂರ್ ಆಪ್ಟಿಮೈಸೇಷನ್. ಕ್ನೂತ್ ಏನು ಹೇಳಿದ್ದಾರೆ ಗೊತ್ತಲ್ಲ?’

ನಾನು ಸುಮ್ಮನಾದೆ. ಮೀಟಿಂಗಲ್ಲಿ ಹೊಳೆಯದ ಉತ್ತರ ಮನೆಗೆ ಬರೋ ಬಸ್ಸಲ್ಲಿ ಹೊಳೆಯುತ್ತೆ ನೋಡಿ, ಇದು ಬಸ್ಸಲ್ಲಿ ಹೊಳೆದ ಉತ್ತರ. ಸ್ವಲ್ಪ ಕೊರೆತ ಅನ್ನಿಸಿದ್ರೆ ಸಹಿಸಿಕೊಳ್ಳಿ. ಕಂಪ್ಯೂಟರ್ ಗಂಧ ಇಲ್ಲದವರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡ್ತೀನಿ :-)

ಮೊದಲು ಎರಡು ನಿಮಿಷದ ಪಾಠ. 235 ಅನ್ನೋ ಸಂಖ್ಯೆಯನ್ನ ಎಡದಿಂದ ಒಂದೊಂದೇ ಅಂಕಿ ಓದ್ತಾ ಕಟ್ಟೋದು ಹೇಗೆ? 2 ಬಂತು. ಅದನ್ನ 10ರಿಂದ ಗುಣಿಸಿ 3 ಕೂಡಿದರೆ 23. ಮತ್ತೆ 10ರಿಂದ ಗುಣಿಸಿ 5 ಕೂಡಿದರೆ 235. ನೂರು, ಹತ್ತು, ಒಂದು ಅಂತ ಬೇರೆ ಬೇರೆ ಲೆಕ್ಕ ಹಾಕಲೇ ಇಲ್ಲ. ಈಗ 10ರ ಜಾಗದಲ್ಲಿ ‘ಎಕ್ಸ್’ ಇಡಿ, ಅಂಕಿಗಳ ಜಾಗದಲ್ಲಿ ಸಹಗುಣಕಗಳನ್ನ ಇಡಿ. ಮುಗೀತು, ಇದೇ ಹಾರ್ನರ್ ವಿಧಾನ. ಗುಣಿಸು, ಕೂಡು, ಗುಣಿಸು, ಕೂಡು. ಕೋಡಲ್ಲಿ ಒಂದು ಫಾರ್ ಲೂಪು, ಒಳಗೆ ಒಂದು ಸಾಲು. ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬಲ್ಲಿ ನಾವೆಲ್ಲ ಇದನ್ನ ಬರೆದಿದ್ದೀವಿ, ರೆಕಾರ್ಡ್ ಪುಸ್ತಕದಲ್ಲಿ ಸಹಿ ಹಾಕಿಸಿದ್ದೀವಿ. ವೈವಾದಲ್ಲಿ ‘ಯಾಕೆ ಹೀಗೆ?’ ಅಂತ ಯಾರೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ.

9ನೇ ಡಿಗ್ರಿಯ ಒಂದು ಪಾಲಿನಾಮಿಯಲ್ ತಗೊಳ್ಳಿ. ಪ್ರತಿ ಪದಕ್ಕೂ ಎಕ್ಸನ್ನ ಮೊದಲಿಂದ ಗುಣಿಸ್ತಾ ಹೋದರೆ 45 ಗುಣಾಕಾರ. ಹಿಂದಿನ ಘಾತವನ್ನ ಇಟ್ಟುಕೊಂಡು ಮುಂದಕ್ಕೆ ಹೋದರೆ 17. ಹಾರ್ನರ್ ವಿಧಾನದಲ್ಲಿ 9. ಸಹಗುಣಕಗಳನ್ನ ಮೊದಲೇ ಬೇರೆ ರೂಪಕ್ಕೆ ತಿರುಗಿಸಿಡದೆ ಇದಕ್ಕಿಂತ ಕಡಿಮೆ ಗುಣಾಕಾರದಲ್ಲಿ ಸಾಮಾನ್ಯವಾಗಿ ಮಾಡೋಕೆ ಆಗೋದೇ ಇಲ್ಲ ಅಂತ ವಿಕ್ಟರ್ ಪ್ಯಾನ್ 1966ರಲ್ಲಿ ಸಾಧಿಸಿ ತೋರಿಸಿದ್ದಾರೆ. ‘ಪವ್’ ಕರೆಯೋದಂತೂ ಗುಣಾಕಾರದ ಲೆಕ್ಕಕ್ಕೂ ಸಿಗಲ್ಲ. ಅದು ಎರಡೂವರೆಯ ಘಾತ, ಮೈನಸ್ ಘಾತ ಎಲ್ಲವನ್ನೂ ಮಾಡಬಲ್ಲ ದೊಡ್ಡ ಯಂತ್ರ. ಎಕ್ಸ್ ವರ್ಗಕ್ಕೆ ಅದನ್ನ ಕರೆಯೋದು ಅಂದ್ರೆ ಕರಿಬೇವು ತರೋಕೆ ಲಾರಿ ತಗೊಂಡು ಹೋದ ಹಾಗೆ.

‘ಕಂಪೈಲರ್ ನೋಡ್ಕೊಳ್ಳುತ್ತೆ ಬಿಡಿ’ ಅನ್ನೋವ್ರು ಇದ್ದಾರೆ. ಇಲ್ಲ ಸ್ವಾಮಿ, ನೋಡ್ಕೊಳ್ಳಲ್ಲ. ದಶಮಾಂಶ ಲೆಕ್ಕದಲ್ಲಿ ಕೂಡುವ ಕ್ರಮ ಬದಲಾದರೆ ಕಂಪ್ಯೂಟರಲ್ಲಿ ಉತ್ತರದ ಕೊನೆಯ ಅಂಕಿಗಳು ಬದಲಾಗ್ತವೆ. ಹಾಗಾಗಿ ನಿಮ್ಮ ಅನುಮತಿ ಇಲ್ಲದೆ ಕಂಪೈಲರ್ ನಿಮ್ಮ ಸಾಲನ್ನ ಹಾರ್ನರ್ ರೂಪಕ್ಕೆ ತಿರುಗಿಸೋ ಹಾಗಿಲ್ಲ. ಜಿಸಿಸಿ ‘ಪವ್’ನ 2ನೇ ಘಾತವನ್ನ ತಾನಾಗಿ ಗುಣಾಕಾರ ಮಾಡುತ್ತೆ. 3ನೇ ಘಾತಕ್ಕೆ ‘ಫಾಸ್ಟ್ ಮ್ಯಾಥ್’ ಆಯ್ಕೆ ಕೊಡಬೇಕು.

ಆದರೆ ನನ್ನ ಸಿಟ್ಟು ವೇಗದ ಬಗ್ಗೆ ಅಲ್ಲವೇ ಅಲ್ಲ. ವೇಗದ ಮಾತನ್ನ ಇಲ್ಲಿಗೇ ಬಿಡ್ತೀನಿ. ಈಗ ನನ್ನದೇ ಒಂದು ತಪ್ಪಿನ ಕತೆ ಹೇಳ್ತೀನಿ. ಇದನ್ನ ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ಹಿಂದೆ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಕುಲುಮೆಗಳ ಟೆಂಪರೇಚರ್ ಕಂಟ್ರೋಲರ್ ಮಾಡ್ತಿದ್ವಿ. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬ, ಮುಂದೆ ಕೆಂಪು ಅಂಕಿಗಳು. ಕುಲುಮೆಯೊಳಗೆ ಕೆ ಟೈಪ್ ಥರ್ಮೋಕಪಲ್ ಇರುತ್ತೆ, ಅಂದ್ರೆ ಎರಡು ಬೇರೆ ಬೇರೆ ಲೋಹದ ತಂತಿಗಳ ಜೋಡಿ. ಬಿಸಿಯಾದಷ್ಟು ಕೆಲವು ಮಿಲಿವೋಲ್ಟ್ ಕೊಡುತ್ತೆ. 100 ಡಿಗ್ರಿಗೆ 4.096, 500ಕ್ಕೆ 20.644, 600ಕ್ಕೆ 24.905. ಮಿಲಿವೋಲ್ಟಿಂದ ಡಿಗ್ರಿಗೆ ಹೋಗೋಕೆ ಅಮೆರಿಕದ ನಿಸ್ಟ್ ಸಂಸ್ಥೆ ಐಟಿಎಸ್-90 ಅಳತೆಪಟ್ಟಿಗೆ ತಕ್ಕ ಪಾಲಿನಾಮಿಯಲ್‌ಗಳನ್ನ ಪ್ರಕಟಿಸಿದೆ. ಕೆ ಟೈಪಿಗೆ ಮೂರು ಇವೆ: ಸೊನ್ನೆಗಿಂತ ಕೆಳಗೆ ಒಂದು, 0ಯಿಂದ 500 ಡಿಗ್ರಿವರೆಗೆ ಒಂದು (ಇದು 9ನೇ ಡಿಗ್ರಿಯದು), 500ರಿಂದ 1372ರವರೆಗೆ ಇನ್ನೊಂದು.

ನಾನು ಎರಡನೆಯದನ್ನ ಮಾತ್ರ ಹಾಕಿದ್ದೆ. ‘ಉಳಿದದ್ದು ಆಮೇಲೆ’ ಅಂತ ಒಂದು ಕಾಮೆಂಟ್ ಬರೆದು ಮರೆತಿದ್ದೆ. ಹಾರ್ನರ್ ಸರಿಯಾಗೇ ಬರೆದಿದ್ದೆ, ಲೂಪ್ ಚೆನ್ನಾಗಿತ್ತು, ಅದರ ಬಗ್ಗೆ ಹೆಮ್ಮೆ ಬೇರೆ ಇತ್ತು. ಟೆಸ್ಟ್ ಮಾಡಿದ್ದು ಹೇಗೆ ಅಂದ್ರೆ, ಐಸ್ ನೀರಲ್ಲಿ ಅದ್ದಿದೆ, 0 ಬಂತು. ಕುದಿಯೋ ನೀರಲ್ಲಿ ಅದ್ದಿದೆ, 97 ಬಂತು. ಬೆಂಗಳೂರು ಎತ್ತರದಲ್ಲಿರೋದ್ರಿಂದ ಇಲ್ಲಿ ನೀರು ಕುದಿಯೋದೇ 97ರ ಹತ್ತಿರ. ಅದು ಗೊತ್ತಿದ್ದಿದ್ದಕ್ಕೆ ಇನ್ನೂ ಬೀಗಿದೆ! ಆಫೀಸಿನ ಸಣ್ಣ ಓವನ್ನಲ್ಲಿ 250ರವರೆಗೆ ನೋಡಿದೆ. ಎಲ್ಲ ಸರಿ. ‘ಕೆಲಸ ಮಾಡ್ತಾ ಇದೆಯಲ್ಲ?’

ಡಬ್ಬ ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿಗೆ ಹೋಯ್ತು. ಗಟ್ಟಿ ಮಾಡಿದ ಉಕ್ಕಿನ ಬಿಡಿಭಾಗಗಳನ್ನ 600 ಡಿಗ್ರಿಯಲ್ಲಿ ಹದ ಮಾಡೋ ಕುಲುಮೆ. ಮೊದಲ ದಿನ ನಾನೂ ಹೋಗಿದ್ದೆ. ಸೆಟ್ ಪಾಯಿಂಟ್ 600 ಕೊಟ್ವಿ. 400, 500... ಚೆನ್ನಾಗಿ ಏರ್ತಾ ಇತ್ತು. 550 ದಾಟಿ ಯಾಕೋ ನಿಧಾನ ಆಯ್ತು. 560, 565, 568. ಅಲ್ಲಿ ನಿಂತಿತು. ಆಮೇಲೆ ಇಳಿಯೋಕೆ ಶುರು! 565, 560, 555...

‘ಥರ್ಮೋಕಪಲ್ ಹೋಗಿರಬೇಕು, ಬೇರೆ ಹಾಕೋಣ’ ಅಂದೆ ನಾನು, ಕೋಡ್ ಬರೆದ ಮಹಾಶಯ.

ಆ ಶೆಡ್ಡಲ್ಲಿ ವಯಸ್ಸಾದ ಆಪರೇಟರ್ ಒಬ್ಬರಿದ್ರು. ಬಾಗಿಲ ಪಕ್ಕದ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ ಬಂದ್ರು. ‘ಸಾರ್, ಒಳಗೆ ಕೆಂಪು ಏರ್ತಾ ಐತೆ, ನಿಮ್ ಡಬ್ಬ ಇಳೀತಾ ಐತೆ. ಎರಡ್ರಲ್ಲಿ ಒಂದು ಸುಳ್ಳು ಹೇಳ್ತೈತೆ. ಒಲೆ ಸುಳ್ಳು ಹೇಳಲ್ಲ’ ಅಂದ್ರು. ಯಾರನ್ನೂ ಕೇಳದೆ ಹೋಗಿ ಮೇನ್ ಸ್ವಿಚ್ ಇಳಿಸಿದ್ರು.

ರಾತ್ರಿ ಕೂತು ಲೆಕ್ಕ ಹಾಕಿದೆ. 0–500ರ ಪಾಲಿನಾಮಿಯಲ್ಲಿಗೆ ಅದರ ರೇಂಜಿನಾಚೆಯ ಮಿಲಿವೋಲ್ಟ್ ಕೊಟ್ಟರೆ ಏನಾಗುತ್ತೆ ನೋಡಿ:

ನಿಜವಾದ ಶಾಖ 500 ಇದ್ದಾಗ: 500
550 ಇದ್ದಾಗ: 547
600 ಇದ್ದಾಗ: 567
620 ಇದ್ದಾಗ: 548
800 ಇದ್ದಾಗ: ಮೈನಸ್ 6500ಕ್ಕಿಂತ ಕೆಳಗೆ!

ಮೈನಸ್ 273ಕ್ಕಿಂತ ತಣ್ಣಗಿನದು ಈ ಬ್ರಹ್ಮಾಂಡದಲ್ಲೇ ಇಲ್ಲ. ನಮ್ಮ ಡಬ್ಬದಲ್ಲಿತ್ತು :-( ಮೈನಸ್ 6500 ಬಂದರೆ ಯಾರಿಗಾದ್ರೂ ಗೊತ್ತಾಗುತ್ತೆ ಬಿಡಿ. ಭಯ ಆಗಬೇಕಾದ್ದು 567ನ್ನ ನೋಡಿ. ಅದು ನಂಬೋ ಹಾಗಿದೆ. ಪಾಲಿನಾಮಿಯಲ್ ಕೊಡೋ ಉತ್ತರ 570 ದಾಟೋದೇ ಇಲ್ಲ, ಸೆಟ್ ಪಾಯಿಂಟ್ 600. ಅಂದ್ರೆ ಕಂಟ್ರೋಲರ್ ಪಾಲಿಗೆ ಕುಲುಮೆ ಯಾವತ್ತೂ ಸಾಕಷ್ಟು ಬಿಸಿ ಆಗೋದಿಲ್ಲ, ಹೀಟರ್ ಯಾವತ್ತೂ ಆಫ್ ಆಗೋದಿಲ್ಲ. ‘ಜಾಸ್ತಿ ಬಿಸಿ ಆದರೆ ನಿಲ್ಲಿಸು’ ಅನ್ನೋ ಸೇಫ್ಟಿ ಅಲಾರಂ ಇತ್ತು, ಆದರೆ ಅದೂ ನಂಬಿದ್ದು ಇದೇ ರೀಡಿಂಗನ್ನ. ಆ ಹಿರಿಯರು ಇಲ್ಲದಿದ್ರೆ, ಅಥವಾ ಅದು ನೈಟ್ ಶಿಫ್ಟ್ ಆಗಿ ಅವರು ಟೀಗೆ ಹೋಗಿದ್ದಿದ್ರೆ? ಯೋಚಿಸೋಕೂ ಇಷ್ಟ ಇಲ್ಲ. ಒಂದು ಲೋಡ್ ಉಕ್ಕಿನ ಹದ ತಪ್ಪಿ ಹಾಳಾಯ್ತು, ಅಷ್ಟಕ್ಕೇ ಮುಗೀತು. ತಪ್ಪು ಪೂರ್ತಿ ನನ್ನದು.

ಈಗ ಮಹನೀಯರಿಗೆ ಒಂದು ಪ್ರಶ್ನೆ. ನಾನು ಹಾರ್ನರ್ ಬರೆಯೋ ಬದಲು ಜಗತ್ತಿನ ಅತ್ಯುತ್ತಮ ಲೈಬ್ರರಿ ತಂದು ಹಾಕಿದ್ದಿದ್ರೆ ಏನಾಗ್ತಿತ್ತು? ಅದೇ 567! ಲೈಬ್ರರಿಗಳು ನೀವು ಕೊಟ್ಟ ಸಹಗುಣಕ, ನೀವು ಕೊಟ್ಟ ಎಕ್ಸ್ ತಗೊಂಡು ಚಾಚೂ ತಪ್ಪದೆ ಲೆಕ್ಕ ಮಾಡ್ತವೆ. ಜಿಎಸ್ಎಲ್ ಇರಲಿ, ನಂಪೈ ಇರಲಿ, ‘ಈ ಎಕ್ಸ್ ಈ ಪಾಲಿನಾಮಿಯಲ್ಲಿಗೆ ಸೇರಿದ್ದಾ?’ ಅಂತ ಅವು ಕೇಳಲ್ಲ. ಅದು ಅವುಗಳ ತಪ್ಪಲ್ಲ. ಆ ಪ್ರಶ್ನೆ ಕೇಳಬೇಕಾದವರು ನಾವು. ‘ಲೈಬ್ರರಿ ಇದೆಯಲ್ಲ’ ಅನ್ನೋ ಮಾತು ಆ ಪ್ರಶ್ನೆಯನ್ನೇ ಮರೆಸಿಬಿಡುತ್ತೆ, ನನ್ನ ಜಗಳ ಇರೋದು ಅಲ್ಲಿ.

ಇನ್ನೊಂದು ಗುಂಡಿ ಇದೆ. ಸಹಗುಣಕಗಳನ್ನ ಯಾವ ಕ್ರಮದಲ್ಲಿ ಕೊಡಬೇಕು? 2, 3, 5 ಅಂತ ಕೊಟ್ಟು ಎಕ್ಸ್ 10 ಅಂದರೆ, ನಂಪೈನ ಹಳೆಯ ಪಾಲಿವಾಲ್ 235 ಅನ್ನುತ್ತೆ. ಅದೇ ನಂಪೈನ ಹೊಸ ಪಾಲಿನಾಮಿಯಲ್ ವಿಭಾಗದಲ್ಲಿರೋ ಅದೇ ಹೆಸರಿನ ಪಾಲಿವಾಲ್ 532 ಅನ್ನುತ್ತೆ! ಒಂದು ದೊಡ್ಡ ಘಾತದಿಂದ ಶುರು ಮಾಡುತ್ತೆ, ಇನ್ನೊಂದು ಸಣ್ಣ ಘಾತದಿಂದ. ಮ್ಯಾಟ್‌ಲ್ಯಾಬ್ ದೊಡ್ಡದರಿಂದ, ಜಿಎಸ್ಎಲ್ ಸಣ್ಣದರಿಂದ. ಎರಡೂ ಸರಿ, ಎರಡೂ ಡಾಕ್ಯುಮೆಂಟಲ್ಲಿ ಬರೆದಿದೆ. ‘ಯಾವುದಾದ್ರೂ ಒಂದು ಹಾಕಿ ಮುಗಿಸಿ’ ಅನ್ನೋವ್ರು ಡಾಕ್ಯುಮೆಂಟ್ ಓದ್ತಾರಾ? ಎರರ್ ಬರಲ್ಲ, ಕ್ರ್ಯಾಶ್ ಆಗಲ್ಲ, ಬೇರೆ ಸಂಖ್ಯೆ ಬರುತ್ತೆ ಅಷ್ಟೇ.

ಹಾರ್ನರ್ ಭಕ್ತರಿಗೂ ಒಂದು ಮಾತು, ಪಕ್ಷಪಾತ ಆಗಬಾರದಲ್ಲ. ಹಾರ್ನರ್ ಸರ್ವರೋಗಕ್ಕೂ ಮದ್ದಲ್ಲ. (ಎಕ್ಸ್ − 1)ರ 7ನೇ ಘಾತವನ್ನ ಬಿಡಿಸಿ ಬರೆದರೆ ಸಹಗುಣಕಗಳು 1, −7, 21, −35, 35, −21, 7, −1. ಈಗ ಎಕ್ಸ್ 1.001 ಇಟ್ಟು ಹಾರ್ನರ್ ಓಡಿಸಿ. ನಿಜವಾದ ಉತ್ತರ 10ರ ಮೈನಸ್ 21ನೇ ಘಾತ. ಡಬಲ್ ಪ್ರಿಸಿಷನ್ ಲೆಕ್ಕದಲ್ಲಿ ಮೈನಸ್ 15ನೇ ಘಾತದ ಆಸುಪಾಸಿನ ಕಸ ಬರಬಹುದು, ಅಂದ್ರೆ ಉತ್ತರಕ್ಕಿಂತ ಹತ್ತು ಲಕ್ಷ ಪಟ್ಟು ದೊಡ್ಡ ಕಸ. ಪ್ಲಸ್ಸೋ ಮೈನಸ್ಸೋ ಅನ್ನೋದಕ್ಕೂ ಗ್ಯಾರಂಟಿ ಇಲ್ಲ. ದೊಡ್ಡ ದೊಡ್ಡ ಸಂಖ್ಯೆಗಳನ್ನ ಕೂಡಿ ಕಳೆದು ಸೊನ್ನೆಯ ಹತ್ತಿರ ಬಂದಾಗ ಉಳಿಯೋದು ಬರೀ ರೌಂಡಿಂಗ್ ತಪ್ಪು. ಬಿಡಿಸದೆ, ಮೊದಲು 1 ಕಳೆದು ಆಮೇಲೆ 7 ಸಲ ಗುಣಿಸಿದರೆ ಸರಿಯಾದ ಉತ್ತರ. ಇಲ್ಲಿ ಹಾರ್ನರ್ ಏನೂ ತಪ್ಪು ಮಾಡಲಿಲ್ಲ, ನಾವು ಅದಕ್ಕೆ ಕೊಟ್ಟ ರೂಪ ತಪ್ಪು.

ಇನ್ನು ಕ್ನೂತ್ ಹೆಸರು ಹೇಳಿದವರಿಗೆ. ಅವರು ಆ ಮಾತು ಬರೆದಿದ್ದು 1974ರಲ್ಲಿ. ಆದರೆ ಅದೇ ಜಾಗದಲ್ಲಿ, ನಿಜವಾಗಿ ಮುಖ್ಯವಾದ ಆ 3 ಶೇಕಡಾ ಭಾಗವನ್ನ ಮಾತ್ರ ಬಿಡಬೇಡಿ ಅನ್ನೋ ಅರ್ಥದ ಮಾತೂ ಇದೆ. ಅದನ್ನ ಯಾರೂ ಉದ್ಧರಿಸಲ್ಲ. ಅದೇ ಕ್ನೂತ್ ತಮ್ಮ ‘ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ನ ಎರಡನೇ ಸಂಪುಟದಲ್ಲಿ ಪಾಲಿನಾಮಿಯಲ್ ಲೆಕ್ಕ ಮಾಡೋದಕ್ಕೇ ಒಂದು ವಿಭಾಗ (4.6.4) ಮೀಸಲಿಟ್ಟಿದ್ದಾರೆ. ಹೋಗಲಿ, ನಾನು ಕೇಳಿದ್ದು ಆಪ್ಟಿಮೈಸೇಷನ್ನೇ ಅಲ್ಲ. ರೇಂಜ್ ಬರಿ ಅಂದೆ. ರೇಂಜ್ ಬರೆಯೋದು ಯಾವಾಗಿಂದ ಆಪ್ಟಿಮೈಸೇಷನ್ ಆಯ್ತು?

ದೊಡ್ಡವರು ಹೇಗೆ ಮಾಡ್ತಾರೆ ನೋಡಿ. ಸನ್ ಮೈಕ್ರೋಸಿಸ್ಟಮ್ಸ್ ಕೊಟ್ಟ ಎಫ್‌ಡಿಲಿಬ್‌ಎಂ ಲೈಬ್ರರಿಯಲ್ಲಿ ಸೈನ್ ಲೆಕ್ಕ ಮಾಡೋದೂ ಒಂದು ಪಾಲಿನಾಮಿಯಲ್ಲೇ, 13ನೇ ಡಿಗ್ರಿಯದು. ಕೋನವನ್ನ ಮೊದಲು ಪೈ/4ರ ಒಳಗೆ ಎಳೆದು ತರ್ತಾರೆ, ಆಮೇಲೇ ಪಾಲಿನಾಮಿಯಲ್. ಇದು ಯಾವ ರೇಂಜಿಗೆ, ಎಷ್ಟು ತಪ್ಪಿನೊಳಗೆ ಅಂತ ಕೋಡಿನ ಮೇಲೇ ಕಾಮೆಂಟಲ್ಲಿ ಬರೆದಿಟ್ಟಿದ್ದಾರೆ.

ಅದಕ್ಕೂ ಹಿಂದೆ ಹೋಗೋಣ. ಹಾರ್ನರ್ ಪ್ರಬಂಧ 1819ರದ್ದು. ಚೀನಾದ ಚಿನ್ ಜಿಯುಶಾವ್ 1247ರ ಪುಸ್ತಕದಲ್ಲೇ ಇಂಥ ಲೆಕ್ಕ ಮಾಡಿದ್ದಾರೆ. ನಮ್ಮ ಪಕ್ಕದ ಕೇರಳದ ಸಂಗಮಗ್ರಾಮದ ಮಾಧವ, 14ನೇ ಶತಮಾನದವರು, ಸೈನ್ (ಜ್ಯಾ) ಲೆಕ್ಕಕ್ಕೆ ಐದು ಸಂಖ್ಯೆಗಳನ್ನ ಕಟಪಯಾದಿಯಲ್ಲಿ ಪದಗಳಾಗಿಸಿ ಇಟ್ಟಿದ್ದಾರೆ. ವಿಧಾನ ಹೀಗೆ: ಚಾಪವನ್ನ 5400ರಿಂದ ಭಾಗಿಸಿದ್ದರ ವರ್ಗದಿಂದ ಮೊದಲ ಸಂಖ್ಯೆಯನ್ನ ಗುಣಿಸು, ಎರಡನೆಯದರಿಂದ ಕಳೆ. ಬಂದದ್ದನ್ನ ಮತ್ತೆ ಗುಣಿಸು, ಮೂರನೆಯದರಿಂದ ಕಳೆ... ಹೀಗೆ ಐದನೆಯದರವರೆಗೆ. ಅಲ್ಲಿ ಬಂದದ್ದನ್ನ ಅದೇ ಭಾಗಲಬ್ಧದ ಘನದಿಂದ ಗುಣಿಸಿ ಚಾಪದಿಂದ ಕಳೆದರೆ ಜ್ಯಾ ಸಿಗುತ್ತೆ. ಗುಣಿಸು, ಕಳೆ, ಗುಣಿಸು, ಕಳೆ. ಪಕ್ಕಾ ಹಾರ್ನರ್, 11ನೇ ಡಿಗ್ರಿಯದು! ‘ಎಲ್ಲ ನಮ್ಮಲ್ಲೇ ಇತ್ತು’ ಅನ್ನೋ ವಾಟ್ಸಾಪ್ ಫಾರ್ವರ್ಡ್ ಥರ ಇದನ್ನ ಹೇಳ್ತಿಲ್ಲ ದಯವಿಟ್ಟು. ನನಗೆ ಇಷ್ಟವಾಗಿದ್ದು ಆ 5400. ಅದು ವೃತ್ತದ ಕಾಲುಭಾಗ, 90 ಡಿಗ್ರಿ, ಕಲೆಗಳ ಲೆಕ್ಕದಲ್ಲಿ. ಕಾಲುವೃತ್ತದೊಳಗಿನ ಚಾಪವನ್ನ ಅದರಿಂದ ಭಾಗಿಸಿದರೆ ಬರೋ ಸಂಖ್ಯೆ 1ನ್ನ ದಾಟೋದಿಲ್ಲ. ರೇಂಜ್ ಆ ಲೆಕ್ಕದ ಹೊಟ್ಟೆಯೊಳಗೇ ಇದೆ. ಆರು ಶತಮಾನ ಆದಮೇಲೆ ನಾನು ಅದನ್ನ ಕಾಮೆಂಟಲ್ಲೂ ಬರೆಯದೆ ಕುಲುಮೆಗೆ ಕಳಿಸಿದೆ.

ಹಾಗಾದ್ರೆ ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಸಣ್ಣ ಲೈಬ್ರರಿಯೇ. ನಾವೇ ಬರೆದದ್ದಾಗಲಿ, ತಂದದ್ದಾಗಲಿ, ಈ ನಾಲ್ಕು ಇರಬೇಕು.

1. ಸಹಗುಣಕಗಳು ಒಂಟಿಯಾಗಿ ಓಡಾಡಬಾರದು. ಕನಿಷ್ಠ, ಗರಿಷ್ಠ, ಸಹಗುಣಕಗಳು, ಮೂರೂ ಒಂದೇ ಸ್ಟ್ರಕ್ಚರಿನಲ್ಲಿ ಇರಬೇಕು. ರೇಂಜ್ ಕೊಡದೆ ಪಾಲಿನಾಮಿಯಲ್ ಕಟ್ಟೋಕೇ ಆಗಬಾರದು.

2. ಕ್ರಮ ಯಾವುದು ಅನ್ನೋದು ಫಂಕ್ಷನ್ನಿನ ಹೆಸರಲ್ಲೇ ಇರಲಿ. ‘ಸಣ್ಣದರಿಂದ’, ‘ದೊಡ್ಡದರಿಂದ’. ಹೆಸರು ಉದ್ದ ಆದರೆ ಆಗಲಿ.

3. ರೇಂಜಿನಾಚೆ ಹೋದರೆ ತಪ್ಪು ಅಂತ ಬೇರೆಯಾಗಿ ಹೇಳಬೇಕು. ಅಂಚಿನ ಬೆಲೆಗೇ ತಂದು ನಿಲ್ಲಿಸೋದು ಇನ್ನೂ ಅಪಾಯ: 500, 500 ಅಂತ ತೋರಿಸ್ತಾ ಕೂತರೆ ಹೀಟರ್ ಆಫೇ ಆಗಲ್ಲ. ನಾನು ಮೊದಲು ‘ನಾಟ್ ಎ ನಂಬರ್’ ಕಳಿಸಿದ್ದೆ, ಜಾಣತನ ಅಂದುಕೊಂಡಿದ್ದೆ. ಅದನ್ನ ಯಾವುದರ ಜೊತೆ ಹೋಲಿಸಿ ‘ಜಾಸ್ತಿ ಇದೆಯಾ?’ ಅಂದ್ರೂ ಉತ್ತರ ‘ಇಲ್ಲ’. ‘ಜಾಸ್ತಿ ಇದ್ದರೆ ಆಫ್ ಮಾಡು’ ಅನ್ನೋ ಸಾಲು ಮತ್ತೆ ಓಡಲ್ಲ! ಅದಕ್ಕೇ ಎರರ್ ಬೇರೆ, ಉತ್ತರ ಬೇರೆ. ಎರರ್ ಬಂದ್ರೆ ಹೀಟರ್ ಆಫ್.

4. ಟೆಸ್ಟಿಗೆ ಪ್ರಕಟಿತ ಟೇಬಲ್ಲಿನ ಬೆಲೆಗಳೇ ಬೇಕು, ಮುಖ್ಯವಾಗಿ ಅಂಚಿನ ಎರಡೂ ಪಕ್ಕದವು. ಕೆ ಟೈಪಿಗೆ 20.644ರ ಕೆಳಗೊಂದು, ಮೇಲೊಂದು. ಕುದಿಯೋ ನೀರು ಸಾಲದು.

ಎಲ್ಲ ಸೇರಿ ನಮ್ಮ ಲೈಬ್ರರಿ ಅರವತ್ತು ಸಾಲು. ಅದರಲ್ಲಿ ಹಾರ್ನರ್ ಆರು ಸಾಲು. ಉಳಿದ ಐವತ್ನಾಲ್ಕು ಸಾಲು ಆ ಶೆಡ್ಡಿನಲ್ಲಿ ಕಲಿತದ್ದು. ಈಗ ಎಐ ಕೇಳಿದರೆ ಆ ಆರು ಸಾಲನ್ನ ಕಣ್ಣು ಮುಚ್ಚಿ ಬಿಡೋದರಲ್ಲಿ ಬರೆದು ಕೊಡುತ್ತೆ, ಸಂತೋಷ. ಕುಲುಮೆ ಎಷ್ಟು ಡಿಗ್ರಿಗೆ ಹೋಗುತ್ತೆ ಅನ್ನೋದು ನಾವು ಹೇಳಿದ್ರೆ ತಾನೆ ಅದಕ್ಕೆ ಗೊತ್ತಾಗೋದು?

ರಿವ್ಯೂ ಇನ್ನೂ ಓಪನ್ ಇದೆ, ನಾನು ಅಪ್ರೂವ್ ಮಾಡಿಲ್ಲ. ಸೋಮವಾರ ಮತ್ತೆ ಮೀಟಿಂಗು. ನಾನು ಹಟಮಾರಿ ಅನ್ನಿಸಿದರೆ ಅನ್ನಿಸಲಿ. ನಿಮ್ಮಲ್ಲಿ ಯಾರಿಗಾದ್ರೂ ಇಂಥ ‘567’ ಎದುರಾಗಿದ್ಯಾ? ನಂಬೋ ಹಾಗಿದ್ದ, ಆದರೆ ಸುಳ್ಳಾಗಿದ್ದ ಸಂಖ್ಯೆ? ಇದ್ದರೆ ಬರೀರಿ, ಓದೋಣ.

ತಾ.ಕ.: ಆ ಹಿರಿಯರಿಗೆ ಆಮೇಲೆ ಹೊಸ ಡಬ್ಬ ತಗೊಂಡು ಹೋಗಿ ಕೊಟ್ಟೆ. 600ಕ್ಕೆ ಸರಿಯಾಗಿ ನಿಂತಿತು. ಅವರು ಡಿಸ್ಪ್ಲೇ ನೋಡಿದ್ರು, ತಲೆ ಆಡಿಸಿದ್ರು, ಆಮೇಲೆ ಹೋಗಿ ಕಿಂಡಿಯಲ್ಲೂ ಒಂದು ಸಲ ನೋಡಿ ಬಂದ್ರು :-)